ಎಲ್ಲರೂ ತಿನ್ನಬಹುದಾದ ಹಬ್ಬದ ತಿನಿಸು: ತುಂಬಿದ ಅಣಬೆ

ಹಬ್ಬವೆಂದರೆ ನಮ್ಮ ಮನೆಗಳಲ್ಲಿ ಅಡುಗೆಮನೆಗೆ ಬಿಡುವಿಲ್ಲದ ದಿನ. ಈದ್ ನಮಾಝ್ ಮುಗಿಸಿ ಗಂಡಸರು, ಮಕ್ಕಳು ಮನೆಗೆ ಮರಳುವ ಹೊತ್ತಿಗೆ ಶೀರ್ ಖುರ್ಮಾದ ಪಾತ್ರೆ ಒಲೆಯಿಂದ ಇಳಿದಿರಬೇಕು. ಮಧ್ಯಾಹ್ನಕ್ಕೆ ಬಿರಿಯಾನಿ, ಸಂಜೆ ಬರುವ ನೆಂಟರಿಗೆ ಸಮೋಸ, ಕಟ್ಲೆಟ್, ಬೇಕರಿಯ ಪಫ್ಸ್. ಕೆಲವು ಮನೆಗಳಲ್ಲಿ ಅಲೀಸ ಅಥವಾ ಹಲೀಮ್ ಇಲ್ಲದೆ ಹಬ್ಬ ಪೂರ್ತಿಯಾಗುವುದೇ ಇಲ್ಲ.

ಈ ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಶೀರ್ ಖುರ್ಮಾದಲ್ಲಿ ಹಾಲು ಮತ್ತು ಗೋಧಿಯ ಶಾವಿಗೆ. ಸಮೋಸ, ಪಫ್ಸ್ ಮೈದಾದ್ದು. ಕಟ್ಲೆಟ್‌ನ ಹೊರಗೆ ಬ್ರೆಡ್ ಪುಡಿ. ಅಲೀಸ, ಹಲೀಮ್ ಎರಡಕ್ಕೂ ಗೋಧಿಯೇ ಮೂಲ. ಬಿರಿಯಾನಿಯ ಮಾಂಸ ಮೊಸರಿನಲ್ಲಿ ನೆನೆದಿರುತ್ತದೆ, ಮೇಲೆ ತುಪ್ಪ ಬಿದ್ದಿರುತ್ತದೆ. ಗೋಧಿಯಾಗಲೀ ಹಾಲಾಗಲೀ ಆಗದ ಒಬ್ಬ ಅತಿಥಿ ಅಂದು ಮನೆಗೆ ಬಂದರೆ ಆ ದಸ್ತರ್‌ಖಾನ್‌ನಲ್ಲಿ ಅವರಿಗೆ ಸಿಗುವುದು ಖರ್ಜೂರ, ಹಣ್ಣು ಮತ್ತು ನೀರು ಮಾತ್ರ!

ಅಂಥವರು ಈಗ ಹಲವು ಕುಟುಂಬಗಳಲ್ಲಿದ್ದಾರೆ. ಮದುವೆಯಾಗಿ ಬಂದ ಹೊಸ ಸೊಸೆ ಇರಬಹುದು, ನಾದಿನಿಯ ಮಗ ಇರಬಹುದು, ಹಾಲು ಕುಡಿದೊಡನೆ ಹೊಟ್ಟೆ ಕೆಡುವ ವಯಸ್ಸಾದ ಅತ್ತೆಯೇ ಇರಬಹುದು. ಎಲ್ಲರೂ ನಗುತ್ತಾ ತಿನ್ನುವಾಗ ಅವರು “ಹಸಿವಿಲ್ಲ” ಎಂದು ತಟ್ಟೆ ದೂರ ಸರಿಸುತ್ತಾರೆ. ಅವರ ಹಸಿವಿಗಿಂತ ಆ ಸುಳ್ಳೇ ನಮ್ಮ ಮನಸ್ಸಿಗೆ ತಟ್ಟಬೇಕು. ಈ ಬಾರಿ ಅವರೂ ನಾವೂ ಒಂದೇ ತಟ್ಟೆಯಿಂದ ತೆಗೆದು ತಿನ್ನಬಹುದಾದ ಒಂದು ತಿನಿಸನ್ನು ಕಲಿಯೋಣ. ಅದುವೇ ತುಂಬಿದ ಅಣಬೆ. ಇದರಲ್ಲಿ ಹಾಲಿಲ್ಲ, ಗೋಧಿಯಿಲ್ಲ. ಆದರೆ ರುಚಿಗೆ ಯಾವ ಕೊರತೆಯೂ ಇಲ್ಲ.

ಒಂದು ಚೂರು ತಿಂದರೆ ಏನಾಗುತ್ತದೆ?

ಹಿರಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. “ಬಿಸ್ಮಿಲ್ಲಾ ಹೇಳಿ ತಿನ್ನಮ್ಮಾ, ಏನೂ ಆಗುವುದಿಲ್ಲ” ಎಂದು ಒತ್ತಾಯಿಸುತ್ತಾರೆ. ಆ ಮಾತಿನ ಹಿಂದಿರುವುದು ಪ್ರೀತಿಯೇ ಹೊರತು ಬೇರೇನಲ್ಲ. ಆದರೆ ಕಾಯಿಲೆಯ ಸ್ವರೂಪ ತಿಳಿದರೆ ಅವರೇ ಒತ್ತಾಯ ನಿಲ್ಲಿಸುತ್ತಾರೆ.

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟು ಎಳೆದರೆ ತುಂಡಾಗದೆ ಹಿಗ್ಗುವುದು ಇದರಿಂದಲೇ. ಸೀಲಿಯಾಕ್ ಕಾಯಿಲೆ ಇರುವವರು ಗ್ಲುಟೆನ್ ತಿಂದಾಗ ಅವರ ದೇಹದ ರೋಗನಿರೋಧಕ ಶಕ್ತಿ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಆಹಾರದ ಸತ್ವವನ್ನು ಹೀರಿಕೊಳ್ಳುವ ಕರುಳಿನ ಒಳಗಿನ ಸಣ್ಣ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ಮಗುವಾದರೆ ಬೆಳವಣಿಗೆ ಕುಂಠಿತವಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಭೇದಿ ನಿಲ್ಲುವುದಿಲ್ಲ. ದೊಡ್ಡವರಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ವಾಸಿಯಾಗದ ರಕ್ತಹೀನತೆ ಇದರ ಏಕೈಕ ಲಕ್ಷಣವಾಗಿರುವುದೂ ಉಂಟು. ಮೂಳೆಗಳೂ ದುರ್ಬಲವಾಗಬಹುದು.

ಗೋಧಿಯೇ ಇದಕ್ಕೆ ಕಾರಣ ಎಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ 1944-45ರಲ್ಲಿ, ಅಲ್ಲಿ ಬ್ರೆಡ್ಡಿಗೆ ತೀವ್ರ ಅಭಾವ ಉಂಟಾಗಿತ್ತು. ಎಲ್ಲರೂ ಸೊರಗುತ್ತಿದ್ದ ಆ ಕಾಲದಲ್ಲಿ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಡಿಕೆಯವರಿಗೆ ಮೊದಲಿನಿಂದಲೂ ಗೋಧಿಯ ಮೇಲೆ ಸಂಶಯವಿತ್ತು. 1950ರಲ್ಲಿ ಅವರು ತಮ್ಮ ಸಂಶೋಧನಾ ಪ್ರಬಂಧದಲ್ಲಿ ಅದನ್ನು ಸಾಧಾರವಾಗಿ ನಿರೂಪಿಸಿದರು.

ಗೋಧಿ ಹೆಚ್ಚು ತಿನ್ನುವ ಉತ್ತರ ಭಾರತದಲ್ಲಿ ಸರಿಸುಮಾರು ನೂರಕ್ಕೆ ಒಬ್ಬರಲ್ಲಿ ಈ ಕಾಯಿಲೆ ಕಂಡುಬಂದಿದೆ. ಅನ್ನವೇ ಮುಖ್ಯ ಆಹಾರವಾದ ದಕ್ಷಿಣದಲ್ಲಿ ಇದು ಬಹಳ ಕಡಿಮೆ. ಕಡಿಮೆ ಇರುವುದರಿಂದಲೇ ಇಲ್ಲಿ ಅದನ್ನು ನಂಬುವವರೂ ಕಡಿಮೆ, “ಇದೆಲ್ಲಾ ಈಗಿನವರ ನಖರಾ” ಎನ್ನುವವರೇ ಹೆಚ್ಚು. ಇದಕ್ಕೆ ಔಷಧವೆಂದರೆ ಜೀವನವಿಡೀ ಗ್ಲುಟೆನ್ ಮುಟ್ಟದಿರುವುದೊಂದೇ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬುದು ನಮ್ಮ ದೇಶದಲ್ಲಿಯೂ “ಗ್ಲುಟೆನ್ ರಹಿತ” ಎಂದು ಬರೆಯಲು ಇರುವ ನಿಯಮ. ಹಾಗಿರುವಾಗ ಕಟ್ಲೆಟ್‌ನಿಂದ ಉದುರಿದ ಬ್ರೆಡ್ಡಿನ ಒಂದು ಚೂರೂ ಅವರಿಗೆ ಸಣ್ಣ ವಿಷಯವಲ್ಲ.

ಇಲ್ಲೊಂದು ಎಚ್ಚರಿಕೆ. ಈ ಲಕ್ಷಣಗಳು ತಮಗೂ ಇವೆ ಎಂದು ಸಂಶಯ ಬಂದರೆ ಕೂಡಲೇ ಗೋಧಿ ನಿಲ್ಲಿಸಬೇಡಿ. ಮೊದಲು ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ಕಾಯಿಲೆ ಇದ್ದರೂ ಇಲ್ಲವೆಂದು ತೋರಿಸುವ ಸಾಧ್ಯತೆ ಇದೆ.

ಹಾಲು ಆಗದವರು ಎರಡು ಬಗೆ

ಹಾಲಿನ ವಿಷಯದಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ನಾವು ಒಂದೇ ಎಂದು ತಿಳಿಯುತ್ತೇವೆ. ಮೊದಲನೆಯದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು. ಅದನ್ನು ಜೀರ್ಣಿಸುವ ಕಿಣ್ವ ವಯಸ್ಸಾದಂತೆ ಅನೇಕರಲ್ಲಿ ಕಡಿಮೆಯಾಗುತ್ತದೆ. ಇಂಥವರಿಗೆ ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ. ಆದರೆ ಸ್ವಲ್ಪ ಮೊಸರು, ತುಪ್ಪ ಸಾಮಾನ್ಯವಾಗಿ ಒಗ್ಗುತ್ತದೆ. ಎರಡನೆಯದು ಹಾಲಿನ ಪ್ರೋಟೀನ್‌ಗೆ ಅಲರ್ಜಿ. ಇದು ಹೆಚ್ಚಾಗಿ ಚಿಕ್ಕ ಮಕ್ಕಳಲ್ಲಿ ಕಾಣುತ್ತದೆ. ಮೈಮೇಲೆ ದದ್ದು, ವಾಂತಿ, ಕೆಲವೊಮ್ಮೆ ಉಸಿರಾಟಕ್ಕೇ ತೊಂದರೆ. ಇವರಿಗೆ ಹಾಲು, ಮೊಸರು, ಬೆಣ್ಣೆ, ಪನೀರ್, ಚೀಸ್ ಯಾವುದೂ ಸಲ್ಲದು. ತುಪ್ಪದಲ್ಲಿಯೂ ಪ್ರೋಟೀನ್‌ನ ಅಂಶ ಉಳಿದಿರಬಹುದಾದ್ದರಿಂದ ಅದೂ ಬೇಡ. ಆದ್ದರಿಂದ ಇಲ್ಲಿ ಹೇಳುವ ಅಡುಗೆಯಲ್ಲಿ ತುಪ್ಪದ ಬದಲು ತೆಂಗಿನೆಣ್ಣೆಯನ್ನೇ ಬಳಸಿದ್ದೇವೆ. ಮನೆಗೆ ಬರುವವರು ಯಾವ ಬಗೆಯವರು ಎಂದು ಫೋನಿನಲ್ಲಿ ಮೊದಲೇ ವಿಚಾರಿಸಿದರೆ ಅವರಿಗೆ ಬೇಸರವಾಗುವುದಿಲ್ಲ, ಸಂತೋಷವೇ ಆಗುತ್ತದೆ.

ಅಣಬೆಯೇ ಏಕೆ?

ಮಳೆಗಾಲದ ಮೊದಲ ಗುಡುಗಿಗೆ ಗುಡ್ಡದಲ್ಲಿ ಏಳುವ ಅಣಬೆ ಕರಾವಳಿ, ಮಲೆನಾಡು, ಕೊಡಗಿನವರಿಗೆ ಹೊಸದೇನಲ್ಲ. ಗಲ್ಫ್‌ನಲ್ಲಿದ್ದು ಬಂದವರು ಅಲ್ಲಿ ಮಳೆಯ ನಂತರ ಮರಳಿನಡಿ ಬೆಳೆದು ದುಬಾರಿ ಬೆಲೆಗೆ ಮಾರಾಟವಾಗುವ ‘ಫಗಾ’ವನ್ನೂ ನೋಡಿರುತ್ತಾರೆ. ಆದರೆ ತುಂಬುವುದಕ್ಕೆ ಬೇಕಾದದ್ದು ಇವೆರಡೂ ಅಲ್ಲ. ಅಂಗಡಿಯಲ್ಲಿ 200 ಗ್ರಾಂನ ಪೊಟ್ಟಣದಲ್ಲಿ ಸಿಗುವ ಬಿಳಿಯ ಬಟನ್ ಅಣಬೆ. ಇದಕ್ಕೆ ತಂಪು ಹವೆ ಬೇಕು. ಹಿಮಾಚಲ ಪ್ರದೇಶದ ಸೋಲನ್ ಇದರ ಕೃಷಿಗೆ ಹೆಸರುವಾಸಿ. ಅಣಬೆ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇರುವುದೂ ಅಲ್ಲಿಯೇ. ನಮ್ಮಲ್ಲಿ ಭತ್ತದ ಹುಲ್ಲಿನ ಮೇಲೆ ಸುಲಭವಾಗಿ ಬೆಳೆಯುವ ಚಿಪ್ಪಿನಾಕಾರದ ಅಣಬೆ ರುಚಿಯಲ್ಲಿ ಕಡಿಮೆಯೇನಲ್ಲ. ಆದರೆ ಅದು ಚಪ್ಪಟೆಯಾಗಿರುವುದರಿಂದ ತುಂಬಲು ಬರುವುದಿಲ್ಲ. ಗುಡ್ಡದ ಅಣಬೆಯನ್ನು ಗುರುತು ತಿಳಿದವರು ಮಾತ್ರ ಕೀಳಬೇಕು. ವಿಷದ ಅಣಬೆಯನ್ನು ಬೇಯಿಸಿದರೂ ವಿಷ ಹೋಗುವುದಿಲ್ಲ.

ಬಟನ್ ಅಣಬೆಯ ತೊಟ್ಟು ಕಿತ್ತರೆ ಟೋಪಿ ಒಂದು ಪುಟ್ಟ ಬಟ್ಟಲಾಗುತ್ತದೆ. ಸಮೋಸಕ್ಕೆ ಮೈದಾ ಹಾಳೆ ಮಾಡುವ ಕೆಲಸವನ್ನು ಇಲ್ಲಿ ಅಣಬೆಯೇ ಮಾಡುತ್ತದೆ. ಹಿಟ್ಟೇ ಬೇಡವಾದ ಮೇಲೆ ಗ್ಲುಟೆನ್‌ನ ಪ್ರಶ್ನೆಯೂ ಇಲ್ಲ. ಒಂದು ಅಣಬೆ ಒಂದೇ ತುತ್ತು. ಮಾತನಾಡುತ್ತಾ, ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ತಿನ್ನಬಹುದು.

ಚೀಸ್ ಮತ್ತು ಬ್ರೆಡ್ ಪುಡಿಯ ಜಾಗಕ್ಕೆ ಏನು?

ಇಟಲಿ, ಅಮೇರಿಕಾ ಮುಂತಾದ ಕಡೆ ಹಬ್ಬದ ಕೂಟಗಳಿಗೆ ತುಂಬಿದ ಅಣಬೆ ಮಾಡುವಾಗ ಚೀಸ್ ಮತ್ತು ಬ್ರೆಡ್ ಪುಡಿ ಹಾಕುತ್ತಾರೆ. ಅವನ್ನು ಸುಮ್ಮನೆ ಕೈಬಿಟ್ಟರೆ ತಿನಿಸು ಕೆಡುತ್ತದೆ. ಅವು ಮಾಡುವ ಕೆಲಸವೇನೆಂದು ತಿಳಿದರೆ ಬದಲಿ ಹುಡುಕುವುದು ಸುಲಭ.

ಬ್ರೆಡ್ ಪುಡಿಯ ಕೆಲಸ ನೀರು ಹೀರುವುದು. ಅಣಬೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ನೀರೇ ಇದೆ. ಬೆಂಕಿ ತಾಗಿದೊಡನೆ ಅದು ಹೊರಬರುತ್ತದೆ. ಅದನ್ನು ಹೀರಲು ಹುರಿದು ಪುಡಿ ಮಾಡಿದ ಅವಲಕ್ಕಿ ಅಥವಾ ಹುರಿಗಡಲೆ ಪುಡಿ ಬ್ರೆಡ್ಡಿಗಿಂತಲೂ ಚೆನ್ನಾಗಿ ಒದಗುತ್ತದೆ. ಚೀಸ್‌ನ ಕೆಲಸ ಜಿಡ್ಡು, ಉಪ್ಪು, ನಸುಹುಳಿ ಕೊಟ್ಟು ಹೂರಣವನ್ನು ಒಟ್ಟಾಗಿ ಹಿಡಿದಿಡುವುದು. ಬಿಸಿನೀರಿನಲ್ಲಿ ನೆನೆದ ಗೋಡಂಬಿಯನ್ನು ನುಣ್ಣಗೆ ಅರೆದು ನಿಂಬೆರಸ, ಉಪ್ಪು ಬೆರೆಸಿದರೆ ಈ ಎಲ್ಲಾ ಕೆಲಸಗಳೂ ಆಗುತ್ತವೆ. ಗೋಡಂಬಿಯೂ ಆಗದವರಿದ್ದರೆ ಬೇಯಿಸಿದ ಆಲೂಗಡ್ಡೆಗೆ ಎರಡು ಚಮಚ ಗಟ್ಟಿ ತೆಂಗಿನಹಾಲು ಸೇರಿಸಿ ಕಿವುಚಿ ಬಳಸಿ.

ಅಡುಗೆಗೆ ತೊಡಗುವ ಮುನ್ನ

ಗ್ಲುಟೆನ್ ನಮಗೆ ಕಾಣದ ಕಡೆಯಿಂದಲೂ ಬರುತ್ತದೆ. ಹಾಗಾಗಿ ಈ ವಿಷಯಗಳನ್ನು ಗಮನದಲ್ಲಿಡಿ.

* ಅಂಗಡಿಯ ಇಂಗಿನ ಪುಡಿಯಲ್ಲಿ ಬಹುತೇಕ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಇಂಗು ಹಾಕಲೇಬೇಡಿ.
* ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ರವೆ, ಶಾವಿಗೆ, ಮೈದಾ ಎಲ್ಲವೂ ಗೋಧಿಯ ಮಕ್ಕಳೇ.
* ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ನಿಮ್ಮ ಅಕ್ಕಿ ಬೀಸಿದರೆ ಅದರಲ್ಲಿ ಗೋಧಿ ಬೆರೆಯುತ್ತದೆ. ಅವಲಕ್ಕಿ, ಹುರಿಗಡಲೆಯನ್ನು ಆರಿಸಿ, ತೊಳೆದ ಮಿಕ್ಸಿಯಲ್ಲಿ ಮನೆಯಲ್ಲೇ ಪುಡಿ ಮಾಡಿ.
* ಗರಂ ಮಸಾಲೆ, ಮೆಣಸಿನ ಪುಡಿಯನ್ನೂ ಸಾಧ್ಯವಾದರೆ ಮನೆಯಲ್ಲೇ ಮಾಡಿಕೊಳ್ಳಿ. ಪೊಟ್ಟಣದ್ದಾದರೆ ಹಿಂಬದಿಯ ಬರಹ ಓದಿ. ಗ್ಲುಟೆನ್ ಇರುವ ಧಾನ್ಯ ಮತ್ತು ಹಾಲಿನ ಅಂಶವಿದ್ದರೆ ಅದನ್ನು ತಿಳಿಸಬೇಕೆಂಬ ನಿಯಮವಿದೆ.
* ಮಾರ್ಗರಿನ್ ಬೆಣ್ಣೆಯಲ್ಲದಿದ್ದರೂ ಕೆಲವದರಲ್ಲಿ ಹಾಲಿನ ಅಂಶ ಇರುತ್ತದೆ.
* ಚಪಾತಿ ಕಾವಲಿ, ಲಟ್ಟಣಿಗೆ ಮಣೆ, ಹಿಟ್ಟಿನ ಜರಡಿ ಇವುಗಳನ್ನು ಈ ಅಡುಗೆಗೆ ಮುಟ್ಟಬೇಡಿ. ಪರೋಟ ಕರಿದ ಎಣ್ಣೆಯನ್ನೂ ಬಳಸಬೇಡಿ.
* ಬೆಳಿಗ್ಗೆ ಹಿಟ್ಟಿನ ಕೆಲಸ ಶುರುವಾಗುವ ಮುಂಚೆಯೇ, ಒರೆಸಿದ ಕಟ್ಟೆಯ ಮೇಲೆ ಇದನ್ನು ಮಾಡಿ ಮುಗಿಸಿ ಮುಚ್ಚಿಡುವುದು ಉತ್ತಮ.

ಅಣಬೆ ಸಿದ್ಧಪಡಿಸುವ ವಿಧಾನ

24 ದೊಡ್ಡ ಅಣಬೆ ಆರಿಸಿ. ಸುಮಾರು 400 ಗ್ರಾಂ, ಅಂದರೆ ಎರಡು ಪೊಟ್ಟಣ ಬೇಕಾದೀತು. ಟೋಪಿ ಬಿರಿಯದೆ ಗಟ್ಟಿಯಾಗಿ, ಬೆಳ್ಳಗೆ ಇರಬೇಕು. ಲೋಳೆಯಾಗಿದ್ದರೆ, ವಾಸನೆ ಬಂದರೆ ಬೇಡ. ನೀರಿನಲ್ಲಿ ನೆನೆಸಬೇಡಿ. ನಲ್ಲಿಯ ಕೆಳಗೆ ಬೇಗ ತೊಳೆದು ಬಟ್ಟೆಯಲ್ಲಿ ಒರೆಸಿ. ತೊಟ್ಟನ್ನು ಮೆಲ್ಲನೆ ಆಚೀಚೆ ಅಲುಗಿಸಿದರೆ ಕಳಚಿ ಬರುತ್ತದೆ. ಅದನ್ನು ಎಸೆಯಬೇಡಿ, ಸಣ್ಣಗೆ ಕೊಚ್ಚಿಡಿ. ಹೂರಣಕ್ಕೆ ಅದೇ ರುಚಿ.

ಈಗ ಅಗಲವಾದ ಸ್ಟೀಲ್ ಅಥವಾ ನಾನ್‌ಸ್ಟಿಕ್ ಪ್ಯಾನ್‌ನಲ್ಲಿ ಒಂದು ಚಮಚ ತೆಂಗಿನೆಣ್ಣೆ ಕಾಯಿಸಿ, ಟೋಪಿಗಳನ್ನು ಬಾಯಿ ಕೆಳಗಾಗಿ ಜೋಡಿಸಿ, ಮುಚ್ಚದೆ ಮಧ್ಯಮ ಉರಿಯಲ್ಲಿ 5-6 ನಿಮಿಷ ಬಿಡಿ. ಈ ಹಂತದಲ್ಲಿ ಉಪ್ಪು ಹಾಕಬೇಡಿ. ನೀರು ಬಿಟ್ಟುಕೊಂಡು ಟೋಪಿ ಸ್ವಲ್ಪ ಕುಗ್ಗುತ್ತದೆ. ತೆಗೆದು ಬಟ್ಟೆಯ ಮೇಲೆ ಬೋರಲಾಗಿ ಇಡಿ. ಈ ಒಂದು ಹಂತ ಬಿಟ್ಟರೆ ತಟ್ಟೆಯ ತುಂಬ ನೀರು ನಿಂತು ಹೂರಣ ಅಂಬಲಿಯಾಗುತ್ತದೆ. ಪ್ಯಾನ್‌ನಲ್ಲಿ ಉಳಿದ ನೀರನ್ನು ಶೇರ್ವಾಕ್ಕೆ ಹಾಕಿದರೆ ಒಳ್ಳೆಯ ರುಚಿ.

ಖೀಮಾ ತುಂಬಿದ ಅಣಬೆ

ಬೇಕಾಗುವ ಸಾಮಗ್ರಿಗಳು: ಸಣ್ಣಗೆ ಕೊಚ್ಚಿದ ಖೀಮಾ 200 ಗ್ರಾಂ, ಈರುಳ್ಳಿ 1 ದೊಡ್ಡದು, ಕೊಚ್ಚಿದ ಅಣಬೆ ತೊಟ್ಟು, ಶುಂಠಿ-ಬೆಳ್ಳುಳ್ಳಿ ಪೇಸ್ಟ್ 1 ದೊಡ್ಡ ಚಮಚ, ಹಸಿಮೆಣಸು 2, ಅರಿಶಿನ ಕಾಲು ಚಮಚ, ಕಾಳುಮೆಣಸಿನ ಪುಡಿ 1 ಚಮಚ, ಗರಂ ಮಸಾಲೆ ಅರ್ಧ ಚಮಚ, ಗೋಡಂಬಿ 20, ಹುರಿದ ಅವಲಕ್ಕಿ ಪುಡಿ 4 ದೊಡ್ಡ ಚಮಚ, ನಿಂಬೆರಸ 1 ದೊಡ್ಡ ಚಮಚ, ಕೊತ್ತಂಬರಿ ಮತ್ತು ಪುದೀನ ಒಂದು ಹಿಡಿ, ತೆಂಗಿನೆಣ್ಣೆ 3 ದೊಡ್ಡ ಚಮಚ, ಉಪ್ಪು.

ಮಾಡುವ ವಿಧಾನ: ಗೋಡಂಬಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಎರಡು ಚಮಚ ಎಣ್ಣೆಯಲ್ಲಿ ಈರುಳ್ಳಿ ಕೆಂಪಾಗುವಂತೆ ಹುರಿದು, ಶುಂಠಿ-ಬೆಳ್ಳುಳ್ಳಿ, ಹೆಚ್ಚಿದ ಹಸಿಮೆಣಸು ಹಾಕಿ ಹಸಿ ವಾಸನೆ ಹೋಗುವ ತನಕ ಬಾಡಿಸಿ. ಖೀಮಾ, ಅರಿಶಿನ, ಉಪ್ಪು ಹಾಕಿ ಮುಚ್ಚಿ ಬೇಯಿಸಿ. ಖೀಮಾ ಪೂರ್ತಿ ಬೆಂದ ಮೇಲೆ ಅಣಬೆ ತೊಟ್ಟು ಹಾಕಿ, ಮುಚ್ಚಳ ತೆಗೆದು ನೀರು ಸಂಪೂರ್ಣ ಆರುವ ತನಕ ಕೈಯಾಡಿಸಿ. ಕಾಳುಮೆಣಸು, ಗರಂ ಮಸಾಲೆ, ಸೊಪ್ಪು ಸೇರಿಸಿ ಇಳಿಸಿ. ಗೋಡಂಬಿಯನ್ನು ಬಹಳ ಕಡಿಮೆ ನೀರಿನಲ್ಲಿ ನುಣ್ಣಗೆ ಅರೆದು ನಿಂಬೆರಸದೊಂದಿಗೆ ಬೆರೆಸಿ. 3 ಚಮಚ ಅವಲಕ್ಕಿ ಪುಡಿ ಸೇರಿಸಿ ಕಲಸಿ. ಕೈಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಟೋಪಿಗಳಲ್ಲಿ ದಿಬ್ಬದಂತೆ ತುಂಬಿ ಒತ್ತಿ. ಉಳಿದ ಒಂದು ಚಮಚ ಅವಲಕ್ಕಿ ಪುಡಿಗೆ ಎಣ್ಣೆ ಬೆರೆಸಿ ಮೇಲೆ ಉದುರಿಸಿ.

ಓವನ್ ಇದ್ದರೆ ಮೊದಲೇ ಕಾಯಿಸಿದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 12-15 ನಿಮಿಷ ಇಡಿ. ಇಲ್ಲದವರು ಚಿಂತಿಸಬೇಕಾಗಿಲ್ಲ. ಪಡ್ಡು ಮಾಡುವ ಗುಳಿಕಾವಲಿ ಇದಕ್ಕೆಂದೇ ಮಾಡಿದಂತಿದೆ! ಪ್ರತಿ ಗುಳಿಗೆ ಎರಡು ಹನಿ ಎಣ್ಣೆ ಬಿಟ್ಟು ಒಂದೊಂದು ಅಣಬೆ ಕೂರಿಸಿದರೆ ವಾಲದೆ ನಿಲ್ಲುತ್ತದೆ. ಸಣ್ಣ ಉರಿಯಲ್ಲಿ ಮುಚ್ಚಿ 6 ನಿಮಿಷ, ಮುಚ್ಚಳ ತೆಗೆದು 3-4 ನಿಮಿಷ ಬೇಯಿಸಿ. ಆದರೆ ನೀವು ಪಡ್ಡಿಗೆ ರವೆ ಸೇರಿಸುವವರಾದರೆ ಆ ಹಳೆಯ ಕಬ್ಬಿಣದ ಕಾವಲಿ ಬೇಡ.

ಬಕ್ರೀದ್‌ನಲ್ಲಿ ಕುರ್ಬಾನಿಯ ಮಾಂಸದ ಖೀಮಾ ಮಾಡಿಸಿಟ್ಟುಕೊಂಡರೆ ಈ ತಿನಿಸಿಗೆ ಬೇರೆ ಖರ್ಚು ಹೆಚ್ಚೇನಿಲ್ಲ.

ತೆಂಗಿನಕಾಯಿ ತುಂಬಿದ ಅಣಬೆ

ಮಾಂಸ ತಿನ್ನದ ನೆರೆಹೊರೆಯವರೂ ಹಬ್ಬಕ್ಕೆ ಬರುತ್ತಾರಲ್ಲವೇ? ಅವರಿಗಾಗಿ ಇದು.

ಬೇಕಾಗುವ ಸಾಮಗ್ರಿಗಳು: ತೆಂಗಿನತುರಿ 1 ಕಪ್, ಹುರಿಗಡಲೆ ಪುಡಿ 4 ದೊಡ್ಡ ಚಮಚ, ಬೇಯಿಸಿದ ಆಲೂಗಡ್ಡೆ 1, ಈರುಳ್ಳಿ 1, ಕೊಚ್ಚಿದ ಅಣಬೆ ತೊಟ್ಟು, ಹಸಿಮೆಣಸು 4, ಬೆಳ್ಳುಳ್ಳಿ 6 ಎಸಳು, ಜೀರಿಗೆ ಅರ್ಧ ಚಮಚ, ಕೊತ್ತಂಬರಿ ಸೊಪ್ಪು ಒಂದು ಹಿಡಿ, ನಿಂಬೆರಸ, ಬಿಳಿ ಎಳ್ಳು 1 ದೊಡ್ಡ ಚಮಚ, ತೆಂಗಿನೆಣ್ಣೆ, ಉಪ್ಪು.

ಮಾಡುವ ವಿಧಾನ: ತೆಂಗಿನತುರಿ, ಹಸಿಮೆಣಸು, ಬೆಳ್ಳುಳ್ಳಿ, ಜೀರಿಗೆ, ಸೊಪ್ಪನ್ನು ನೀರು ಹಾಕದೆ ತರಿತರಿಯಾಗಿ ರುಬ್ಬಿ. ಎಣ್ಣೆಯಲ್ಲಿ ಈರುಳ್ಳಿ, ಅಣಬೆ ತೊಟ್ಟು ಹುರಿದು ನೀರು ಆರಿದ ಮೇಲೆ ರುಬ್ಬಿದ ಮಸಾಲೆ ಹಾಕಿ 4-5 ನಿಮಿಷ ಬಾಡಿಸಿ. ಕಿವುಚಿದ ಆಲೂಗಡ್ಡೆ, ಹುರಿಗಡಲೆ ಪುಡಿ, ಉಪ್ಪು, ನಿಂಬೆರಸ ಬೆರೆಸಿ ತುಂಬಿ. ಮೇಲೆ ಎಳ್ಳು ಒತ್ತಿ ಹಿಂದಿನಂತೆಯೇ ಬೇಯಿಸಿ. ಎಳ್ಳು ಅಲರ್ಜಿಯಿದ್ದರೆ ಕೈಬಿಡಿ.

ಹಿಂದಿನ ದಿನದ ತಯಾರಿ

ಹಬ್ಬದ ದಿನ ಕೈಗೆ ಬಿಡುವಿರುವುದಿಲ್ಲ. ಹೂರಣವನ್ನು ಚಾಂದ್ ರಾತ್ರಿಯೇ ಮಾಡಿ, ಆರಿದ ಕೂಡಲೇ ಮುಚ್ಚಿ ಫ್ರಿಜ್‌ನಲ್ಲಿಡಿ. ಹಸಿ ಅಣಬೆಯನ್ನು ಪ್ಲಾಸ್ಟಿಕ್ ಚೀಲದ ಬದಲು ಕಾಗದದ ಚೀಲದಲ್ಲಿಟ್ಟರೆ ಬೆವರಿ ಲೋಳೆಯಾಗುವುದಿಲ್ಲ. ಬೆಳಿಗ್ಗೆ ಟೋಪಿಗಳ ನೀರು ತೆಗೆದು ತುಂಬಿಟ್ಟು ಫ್ರಿಜ್‌ನಲ್ಲಿಡಿ. ನೆಂಟರು ಬಂದಾಗ ಬೇಯಿಸಿ ಬಿಸಿಯಾಗಿ ಕೊಡಿ. ಬೆಂದದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಬಡಿಸುವುದರಲ್ಲಿಯೂ ಒಂದು ಜಾಣತನ

ಇಷ್ಟೆಲ್ಲಾ ಜಾಗ್ರತೆಯಿಂದ ಮಾಡಿದ್ದನ್ನು ಸಮೋಸದ ಪಕ್ಕದಲ್ಲಿಟ್ಟು, ಸಮೋಸ ತೆಗೆದ ಇಕ್ಕಳದಿಂದಲೇ ಬಡಿಸಿದರೆ ಪಟ್ಟ ಶ್ರಮವೆಲ್ಲಾ ವ್ಯರ್ಥ. ಅದಕ್ಕೆ ಬೇರೆಯೇ ತಟ್ಟೆ, ಬೇರೆಯೇ ಚಮಚ ಇರಲಿ. ದಸ್ತರ್‌ಖಾನ್‌ನ ಒಂದು ತುದಿಯಲ್ಲಿ, ಮೈದಾದ ತಿನಿಸುಗಳಿಂದ ದೂರವಿರಲಿ. ಮೊದಲು ಆ ಅತಿಥಿಗೇ ಕೊಡಿ. ಏನೇನು ಹಾಕಿದ್ದೀರೆಂದು ಮೆಲ್ಲನೆ ತಿಳಿಸಿ. ಮಸಾಲೆಯ ಪೊಟ್ಟಣವನ್ನು ಎಸೆಯದೆ ಇಟ್ಟುಕೊಂಡಿದ್ದರೆ, ಅವರು ಕೇಳಿದಾಗ ತೋರಿಸಬಹುದು. ಅವರು ಕೇಳಿದರೆ ಅದು ಅಪನಂಬಿಕೆಯಲ್ಲ, ಅವರ ಆರೋಗ್ಯದ ಪ್ರಶ್ನೆ. ಆದರೂ ಬೇಡವೆಂದರೆ ಒತ್ತಾಯಿಸಬೇಡಿ.

ಮುಖ್ಯವಾದ ಇನ್ನೊಂದು ಮಾತು. ನಾಲ್ಕು ಅಣಬೆ ಮಾತ್ರ ಮಾಡಿ “ಇದು ನಿನಗೆ, ಪಥ್ಯದ್ದು” ಎಂದು ಮಗುವಿನ ಮುಂದಿಡಬೇಡಿ. ಎಲ್ಲರಿಗೂ ಆಗುವಷ್ಟು ಮಾಡಿ. ಬೇರೆ ಮಕ್ಕಳೂ “ನನಗೊಂದು, ನನಗೊಂದು” ಎಂದು ಕೈಚಾಚಿದಾಗ ಆ ಮಗುವಿನ ಮುಖ ನೋಡಿ. ತಾನು ಕಾಯಿಲೆಯವನು ಎಂಬುದು ಅಷ್ಟು ಹೊತ್ತಾದರೂ ಅದಕ್ಕೆ ಮರೆತುಹೋಗಿರುತ್ತದೆ.

ಮನೆಯಲ್ಲೇ ಇಂಥವರಿದ್ದರೆ ಹಬ್ಬ ಮುಗಿದ ಮೇಲೂ ಈ ಕಾಳಜಿ ಮುಂದುವರಿಯಲಿ. ಅಕ್ಕಿ, ರಾಗಿ, ಜೋಳ, ನವಣೆ, ಸಜ್ಜೆ ಯಾವುದರಲ್ಲಿಯೂ ಗ್ಲುಟೆನ್ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಹಾಲು ಬಿಟ್ಟವರಿಗೂ ಅದು ಆಸರೆ. ಅಕ್ಕಿ ರೊಟ್ಟಿ, ನೀರುದೋಸೆ, ರಾಗಿ ಮುದ್ದೆ, ಜೋಳದ ರೊಟ್ಟಿ ಉಂಡು ಬೆಳೆದ ನಾಡು ನಮ್ಮದು. ಗೋಧಿಯಿಲ್ಲದೆ ಅಡುಗೆ ಮಾಡುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆಯೇ ತಾನೇ!

ಮುಂದಿನ ಹಬ್ಬಕ್ಕೆ ಸಾಮಾನಿನ ಚೀಟಿ ಬರೆಯುವಾಗ ಶಾವಿಗೆ, ಮೈದಾದ ಕೆಳಗೆ ಎರಡು ಪೊಟ್ಟಣ ಅಣಬೆಯನ್ನೂ ಸೇರಿಸಿ. “ಹಸಿವಿಲ್ಲ” ಎನ್ನುವ ಅತಿಥಿ ಆ ದಿನ ಎರಡನೆಯ ಬಾರಿ ತಟ್ಟೆ ಚಾಚಿದರೆ ನಿಮ್ಮ ಹಬ್ಬದ ಅಡುಗೆ ಗೆದ್ದಂತೆ.